ಹೆಡ್ಜ್‌ಹಾಗ್‌ಗೆ ವಾರವಾರ ನೀರು ಹಾಕಬೇಡಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಬೆನ್ನ ತುಂಬ ಮುಳ್ಳಿರುವ ಪುಟ್ಟ ಪ್ರಾಣಿ ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್ ಸಾಕುವ ಮನೆಗಳು ಈಗ ಅಲ್ಲಲ್ಲಿ ಕಾಣುತ್ತಿವೆ. ಮರಿಯ ಜೊತೆ ಒಂದು ಬಾಟಲಿ ನಾಯಿ ಶಾಂಪೂ ಹಿಡಿಸಿ, ‘ವಾರಕ್ಕೊಂದು ಸಲ ಸ್ನಾನ ಮಾಡಿಸಿ’ ಎಂದು ಹೇಳಿ ಕಳಿಸುವ ಅಂಗಡಿಗಳಿವೆ. ಆ ಶಾಂಪೂವೂ ಬೇಡ, ವಾರದ ಲೆಕ್ಕವೂ ಬೇಡ. ನಾಯಿಗಳ ಉಣ್ಣೆ ಕೊಲ್ಲುವ ಶಾಂಪೂಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದುಂಟು. ಅಂಗೈಯಗಲದ ಈ ಪ್ರಾಣಿಗೆ ಅದು ವಿಷ. ಇನ್ನು ಪದೇ ಪದೇ ನೀರು ಬಿದ್ದರೆ ಚರ್ಮದ ಜಿಡ್ಡು ಹೋಗಿ ಹೊಟ್ಟು ಏಳುತ್ತದೆ, ಕೆರೆತ ಶುರುವಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಾದರಂತೂ ಕೇಳುವುದೇ ಬೇಡ.

ತಿಂಗಳಿಗೊಮ್ಮೆ ಸ್ನಾನ ಧಾರಾಳವಾಯಿತು. ಗಲೀಜಾಗಿಲ್ಲದಿದ್ದರೆ ಅದೂ ಬೇಕಿಲ್ಲ. ನಿಜವಾಗಿ ಕೊಳೆಯಾಗುವುದು ಕಾಲು. ರಾತ್ರಿಯಿಡೀ ಗೂಡಿನೊಳಗಿನ ಆಟದ ಚಕ್ರದ ಮೇಲೆ ಓಡುತ್ತದೆ, ಓಡುತ್ತಲೇ ಹಿಕ್ಕೆ ಹಾಕುತ್ತದೆ, ಅದನ್ನೇ ತುಳಿಯುತ್ತದೆ. ಅದಕ್ಕೆ ಬೆಳಗ್ಗೆ ಚಕ್ರವನ್ನು ಬಿಸಿನೀರಲ್ಲಿ ಉಜ್ಜಿ ಒಣಗಿಸಿಡುವುದೇ ಮದ್ದು. ಕಾಲು ಮಾತ್ರ ತೊಳೆಯಬೇಕಿದ್ದರೆ ಬೇಸಿನ್‌ನಲ್ಲಿ ಒಂದು ಸೆಂಟಿಮೀಟರ್ ಉಗುರುಬೆಚ್ಚಗಿನ ನೀರು ಬಿಟ್ಟು ಎರಡು ನಿಮಿಷ ನಡೆದಾಡಲು ಬಿಟ್ಟರೆ ಮುಗಿಯಿತು.

ಪೂರ್ತಿ ಸ್ನಾನಕ್ಕೆ ಬೇಸಿನ್ ತಳದಲ್ಲಿ ಹಳೇ ಟವೆಲ್ ಹಾಸಿ, ಇಲ್ಲದಿದ್ದರೆ ಕಾಲು ಜಾರಿ ಗಾಬರಿಯಾಗುತ್ತದೆ. ನೀರು ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್, ಹೊಟ್ಟೆ ನೆನೆಯುವಷ್ಟು. ಬಿಸಿ 35ರಿಂದ 37 ಡಿಗ್ರಿ. ಮೊಣಕೈಗೆ ತಾಗಿಸಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಉಂಡೆಯಾಗಿ ಮುದುಡಿಕೊಂಡಿದ್ದರೆ ಬಲವಂತವಾಗಿ ಬಿಡಿಸಬೇಡಿ, ಕಾಲಿಗೆ ನೀರು ತಾಗಿದರೆ ತಾನೇ ಬಿಚ್ಚಿಕೊಳ್ಳುತ್ತದೆ. ಪರಿಮಳವಿಲ್ಲದ ಓಟ್ಸ್ ಬೇಬಿ ಶಾಂಪೂ ಒಂದೆರಡು ಹನಿ ಸಾಕು, ಅದನ್ನೂ ಮೊದಲು ನೀರಲ್ಲಿ ಕಲಸಿಕೊಳ್ಳಿ. ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಮುಳ್ಳು ಮಲಗಿದ ದಿಕ್ಕಿಗೇ, ತಲೆಯಿಂದ ಬಾಲದ ಕಡೆಗೆ ಉಜ್ಜಿ. ಎದುರು ದಿಕ್ಕಿಗೆ ಉಜ್ಜಿದರೆ ಮುಳ್ಳಿನ ಬುಡಕ್ಕೆ ನೋವು. ಮುಖಕ್ಕೆ, ಕಿವಿಗೆ ನೀರು ಬೀಳಬಾರದು. ಲೋಟದಲ್ಲಿ ಬೆನ್ನ ಮೇಲೆ ನಿಧಾನವಾಗಿ ಸುರಿದು ಶಾಂಪೂ ಪೂರ್ತಿ ಹೋಗಿಸಿ. ಒಟ್ಟು ಐದು ನಿಮಿಷ ಮೀರಬಾರದು. ಶೀಗೆಪುಡಿ, ಕಡಲೆಹಿಟ್ಟು ಬೇಡ. ಮುಳ್ಳಿನ ಸಂದಿಯಲ್ಲಿ ಕೂತರೆ ತೆಗೆಯುವವರಿಲ್ಲ. ಎಣ್ಣೆಯಾದರೆ ಕೊನೆಯ ನೀರಿಗೆ ಒಂದೇ ಹನಿ. ತಿಕ್ಕಿ ತೀಡಿ ಎಣ್ಣೆ ಹಚ್ಚುವ ನಮ್ಮ ಹಬ್ಬದ ಅಭ್ಯಂಜನ ನಮಗೇ ಇರಲಿ.

ಹೊಸ ಶಾಂಪೂ ವಾಸನೆ ಮೂಗಿಗೆ ಬಡಿದೊಡನೆ ಕೆಲವು ಹೆಡ್ಜ್‌ಹಾಗ್‌ಗಳು ಬಾಯಲ್ಲಿ ನೊರೆ ಮಾಡಿಕೊಂಡು, ಕತ್ತು ತಿರುಚಿ, ಅದನ್ನು ಬೆನ್ನ ಮುಳ್ಳಿಗೆ ಮೆತ್ತಿಕೊಳ್ಳುತ್ತವೆ. ನೋಡಿದವರು ಫಿಟ್ಸ್ ಬಂತೆಂದು ಹೆದರುತ್ತಾರೆ. ಅದು ಅವುಗಳ ಸಹಜ ನಡವಳಿಕೆ, ಕೆಲ ನಿಮಿಷಕ್ಕೆ ನಿಲ್ಲುತ್ತದೆ. ಆದರೆ ರೀಲ್ಸ್‌ಗಳಲ್ಲಿ ಟಬ್ ತುಂಬ ನೀರಿನಲ್ಲಿ ಅಂಗಾತ ತೇಲುವುದನ್ನು ಆಟವೆಂದು ತಿಳಿಯಬೇಡಿ. ನೆಲ ಸಿಗದೆ ಒದ್ದಾಡುವ ಪ್ರಾಣಿ ಅದು. ನೀರು ಮೂಗಿಗೆ ಹೋದರೆ ನ್ಯುಮೋನಿಯಾ ಆಗಬಹುದು.

ಸ್ನಾನಕ್ಕಿಂತ ಅಪಾಯ ಆಮೇಲಿನದು. ಈ ಪ್ರಾಣಿಗೆ 23ರಿಂದ 27 ಡಿಗ್ರಿ ಹಿತ. 20ಕ್ಕಿಂತ ಕೆಳಗಿಳಿದರೆ ಮೈ ತಣ್ಣಗಾಗಿ ಮಂಪರಿಗೆ ಜಾರುತ್ತದೆ. ಸಾಕಿದ ಹೆಡ್ಜ್‌ಹಾಗ್ ಅದರಿಂದ ಸಾಯಲೂಬಹುದು. ಡಿಸೆಂಬರ್, ಜನವರಿಯಲ್ಲಿ ನಮ್ಮೂರ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಅದು ರಾತ್ರಿ ಎಚ್ಚರವಿರುವ ಜೀವಿಯಾದರೂ ಚಳಿಗಾಲದಲ್ಲಿ ಮಧ್ಯಾಹ್ನವೇ ಸ್ನಾನ ಮುಗಿಸಿ, ಫ್ಯಾನ್ ಆರಿಸಿಡಿ. ಒಂದು ಟವೆಲ್ ಒದ್ದೆಯಾದರೆ ಇನ್ನೊಂದರಲ್ಲಿ ಸುತ್ತಿ, ಹೊಟ್ಟೆಯ ಕೂದಲು, ಕಂಕುಳು ಮುಟ್ಟಿ ನೋಡಿ, ಪೂರ್ತಿ ಒಣಗುವವರೆಗೆ ಮಡಿಲಲ್ಲೇ ಇರಲಿ. ಹೇರ್ ಡ್ರೈಯರ್ ಸದ್ದಿಗೆ ಬೆಚ್ಚುತ್ತದೆ, ಇಲ್ಲದಿದ್ದರೇ ಒಳ್ಳೆಯದು. ಹೊಟ್ಟೆ ತಣ್ಣಗಿದ್ದು, ನಡಿಗೆ ತೂರಾಡಿದರೆ ಬಟ್ಟೆಯೊಳಗೆ ನಿಮ್ಮ ಮೈಗೆ ಒತ್ತಿಕೊಂಡು ನಿಧಾನವಾಗಿ ಬಿಸಿ ಕೊಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಬಿಸಿನೀರಲ್ಲಿ ಮುಳುಗಿಸಬೇಡಿ.

ಉಗುರು ಕತ್ತರಿಸಲು ಸ್ನಾನದ ನಂತರದ ಹೊತ್ತೇ ಸರಿ, ಮೆತ್ತಗಾಗಿರುತ್ತವೆ. ಮಕ್ಕಳ ನೇಲ್ ಕಟರ್ ಸಾಕು. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಗೆರೆ ಕಾಣುತ್ತದೆ, ಅದು ರಕ್ತನಾಳ. ಅದಕ್ಕೆ ಮುಂಚಿನ ಬಿಳಿ ತುದಿ ಮಾತ್ರ ತೆಗೆಯಿರಿ. ರಕ್ತ ಬಂದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಕತ್ತರಿಸದೆ ಬಿಟ್ಟರೆ ಉಗುರು ಸುತ್ತಿ ಬೆಳೆದು ಅಂಗಾಲಿಗೇ ಚುಚ್ಚುತ್ತದೆ. ಆಗಲೇ ಬೆರಳ ಸಂದಿಯನ್ನೂ ನೋಡಿ: ಮನೆಯವರ ಉದ್ದ ಕೂದಲೋ ಹಾಸಿನ ಬಟ್ಟೆಯ ದಾರವೋ ಕಾಲಿಗೆ ಸುತ್ತಿಕೊಂಡು ಬಿಗಿದು, ರಕ್ತ ಸಂಚಾರ ನಿಂತು, ಕಾಲು ಬಾತು ಕಪ್ಪಾಗುವುದುಂಟು. ನೋಡದಿದ್ದರೆ ಕಾಲೇ ಹೋಗುತ್ತದೆ.

ಎರಡರಿಂದ ಆರು ತಿಂಗಳೊಳಗಿನ ಮರಿಗೆ ಮುಳ್ಳು ಉದುರಿ ಹೊಸದು ಬರುವುದು ಸಹಜ. ದೊಡ್ಡದಕ್ಕೆ ಮುಳ್ಳು ಉದುರಿ, ಬುಡದಲ್ಲಿ ಬಿಳಿ ಹೊಟ್ಟು ಕಟ್ಟಿ, ಕೆರೆದುಕೊಳ್ಳುತ್ತಿದ್ದರೆ ನುಸಿಯೋ ಬೂಷ್ಟಿನ ಸೋಂಕೋ ಇರಬಹುದು. ಸ್ನಾನದಿಂದ ಅದು ಹೋಗದು. ನುಸಿ ಕೊಲ್ಲುವ ಔಷಧಿ ಐವರ್ಮೆಕ್ಟಿನ್ ಅನ್ನು ಅಂದಾಜಿನ ಮೇಲೆ ಹಾಕುವುದು ಜೀವಕ್ಕೇ ಕುತ್ತು. ತೂಕ ನೋಡಿ ವೈದ್ಯರೇ ಕೊಡಬೇಕು.

ಈ ಬೂಷ್ಟಿನ ಸೋಂಕು ಮನುಷ್ಯರಿಗೂ ಹುಳುಕಡ್ಡಿಯಾಗಿ ಅಂಟುತ್ತದೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಬೇಸಿನ್, ಬ್ರಷ್ ಬೇರೆಯೇ ಇಡಿ. ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

– ಒಬ್ಬ ಓದುಗರು, ಕುವೆಂಪುನಗರ, ಮೈಸೂರು