ಅಪ್ಪ, ಬಾಡಿಗೆ ಯಾಕೆ ಜಾಸ್ತಿ ಅಂದರೆ

ಬರ್ಲಿನ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಹೊಸ ಮನೆಯ ಬಾಡಿಗೆ ಹೇಳಿದ್ದೇ ತಡ, ಅಪ್ಪ, ನೀವು ಮಾತಿಲ್ಲದೆ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟಿರಿ. ಅದರ ಅರ್ಥ ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ. ಕಾಗದಕ್ಕಾದರೆ ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಲೆಕ್ಕ. ಇಲ್ಲಿ ಬಾಡಿಗೆಗೆ ಎರಡು ಹೆಸರು. ಬರೀ ಗೋಡೆ, ಸೂರಿಗೆ ಕೊಡುವುದು 'ಕಾಲ್ಟ್', ಅಂದರೆ ತಣ್ಣನೆ ಬಾಡಿಗೆ. ಹೀಟರು, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿದರೆ 'ವಾರ್ಮ್', ಬಿಸಿ ಬಾಡಿಗೆ. ನಾನು ಹೇಳಿದ್ದು ಬಿಸಿದು. ಕರೆಂಟು, ಇಂಟರ್ನೆಟ್ಟು ಬೇರೆ. (ಇದನ್ನು ಬರೆಯಬಾರದಿತ್ತೇನೋ.) ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಸಮಾಧಾನ. ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಕಾನೂನೇ ಇದೆ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಚಿಕ್ಕಪ್ಪ ಯಶವಂತಪುರದಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟಿದ್ದು ನೆನಪಿದೆ ಅಲ್ವಾ?

ಮನೆ ಸಿಕ್ಕಿದ್ದೇ ದೊಡ್ಡದು. ಒಂದು ಮನೆ ನೋಡಲು ಹೋದಾಗ ಸಾಲು ಮೂರನೇ ಮಹಡಿಯಿಂದ ಬೀದಿವರೆಗೆ ಇತ್ತು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಕೈಯಲ್ಲಿ ಎಲ್ಲರಿಗೂ ಒಂದೊಂದು ಫೈಲು. ಮೂರು ತಿಂಗಳ ಸಂಬಳದ ಚೀಟಿ, ಸಾಲ ಬಾಕಿ ಇಲ್ಲ ಅನ್ನುವ ಶುಫಾ ಪತ್ರ, ಹಳೇ ಮನೆ ಓನರ್ ಕೊಟ್ಟ 'ಬಾಡಿಗೆ ಸರಿಯಾಗಿ ಕಟ್ಟಿದ್ದಾಳೆ' ಅನ್ನುವ ಕಾಗದ. ಜಾತಕ ಒಂದನ್ನು ಕೇಳಲಿಲ್ಲ. ಹೀಗೆ ಹತ್ತೊಂಬತ್ತು ಮನೆ ನೋಡಿದೆ. ಇದು ಇಪ್ಪತ್ತನೆಯದು. ಒಂದೂವರೆ ರೂಮು, ಲಿಫ್ಟ್ ಇಲ್ಲ. ಅಮ್ಮಾ, ಅಡುಗೆಮನೆಯಲ್ಲಿ ಅಡುಗೆಮನೆಯೇ ಇರಲಿಲ್ಲ! ಗೋಡೆಯಿಂದ ಎರಡು ನಲ್ಲಿ ಪೈಪು ಹೊರಗೆ ಇಣುಕುತ್ತಿದ್ದವು, ಅಷ್ಟೇ. ಇಲ್ಲಿ ಎಷ್ಟೋ ಜನ ಮನೆ ಬಿಡುವಾಗ ಸಿಂಕು, ಒಲೆ, ಕಪಾಟು ಎಲ್ಲ ಕಿತ್ತುಕೊಂಡು ಹೋಗುತ್ತಾರಂತೆ. ಮೊದಲ ವಾರ ಪಾತ್ರೆ ತೊಳೆದಿದ್ದು ಬಚ್ಚಲಲ್ಲಿ.

ಆದರೂ ಯಾಕೆ ಇದೇ ಬೇಕಿತ್ತು ಅಂದರೆ, ಬಾಗಿಲು ಹಾಕಿ ಹೊರಟರೆ ನಾಲ್ಕು ನಿಮಿಷಕ್ಕೆ ಟೆಂಪೆಲ್‌ಹೋಫ್ ಬಯಲು. ಪಾರ್ಕು ಅಂದರೆ ಹೂವಿನ ಗಿಡ, ಕಾರಂಜಿ ಅಂದುಕೊಳ್ಳಬೇಡಿ. ಅದು ಹಳೇ ವಿಮಾನ ನಿಲ್ದಾಣ. 2008ರ ಅಕ್ಟೋಬರ್‌ನಲ್ಲಿ ವಿಮಾನ ನಿಂತವು, 2010ರ ಮೇ ತಿಂಗಳಲ್ಲಿ ಜನಕ್ಕೆ ಗೇಟು ತೆಗೆದರು. ರನ್‌ವೇ ಎರಡೂ ಹಾಗೇ ಇವೆ, ಒಂದೊಂದೂ ಸುಮಾರು ಎರಡು ಕಿಲೋಮೀಟರ್. ಅದರ ಮೇಲೆ ಈಗ ಸೈಕಲ್ಲು, ಸ್ಕೇಟು, ಹಾಯಿ ಕಟ್ಟಿದ ಹಲಗೆ. ಲಾಲ್‌ಬಾಗ್ 240 ಎಕರೆ ಅಲ್ವಾ? ಇದು 740 ಎಕರೆ ಹತ್ತಿರ. ನಡುವೆ ಮರವೇ ಇಲ್ಲ. ಬರೀ ಹುಲ್ಲು, ಆಕಾಶ, ಗಾಳಿ. ಹುಲ್ಲಿನ ಒಂದಷ್ಟು ಭಾಗಕ್ಕೆ ಬೇಸಿಗೆಗೆ ಮುಂಚೆಯೇ ಬೇಲಿ ಹಾಕುತ್ತಾರೆ. ನೆಲದಲ್ಲೇ ಗೂಡು ಕಟ್ಟುವ ಒಂದು ಸಣ್ಣ ಹಕ್ಕಿ ಅಲ್ಲಿ ಮರಿ ಮಾಡುತ್ತದೆ. ಗಂಡು ಹಕ್ಕಿ ಹಾಡುತ್ತಾ ನೆಟ್ಟಗೆ ಮೇಲಕ್ಕೆ ಏರುತ್ತದೆ. ಕಣ್ಣಿಗೆ ಕಾಣದಷ್ಟು ಮೇಲೆ ಹೋದರೂ ಹಾಡು ಕೇಳುತ್ತಲೇ ಇರುತ್ತದೆ.

ಅಪ್ಪ, ನಿಮಗೆ ಇಷ್ಟವಾಗುವ ಕಥೆಯೂ ಇದೆ. 1948ರಲ್ಲಿ ರಷ್ಯಾದವರು ಪಶ್ಚಿಮ ಬರ್ಲಿನ್ನಿಗೆ ಬರುವ ರಸ್ತೆ, ರೈಲು ಎಲ್ಲ ಮುಚ್ಚಿದರು. ಆಗ ಹಿಟ್ಟು, ಕಲ್ಲಿದ್ದಲು ವಿಮಾನದಲ್ಲೇ ಬಂತು, ಅದು ಇಳಿದ ಮುಖ್ಯ ಜಾಗಗಳಲ್ಲಿ ಇದೂ ಒಂದು. ಹ್ಯಾಲ್ವರ್ಸನ್ ಅನ್ನುವ ಅಮೆರಿಕದ ಪೈಲಟ್ ಒಬ್ಬ, ಬೇಲಿ ಹೊರಗೆ ನಿಂತ ಮಕ್ಕಳಿಗೆ ಕರ್ಚೀಫಿನ ಪ್ಯಾರಾಚೂಟ್ ಕಟ್ಟಿ ಚಾಕಲೇಟು ಉದುರಿಸುತ್ತಿದ್ದ.

2014ರಲ್ಲಿ ಸರ್ಕಾರ ಇದರ ಅಂಚಿನಲ್ಲಿ ಸಾವಿರಾರು ಮನೆ ಕಟ್ಟಲು ಹೊರಟಾಗ ಊರವರೇ ಓಟು ಹಾಕಿ ಬೇಡ ಅಂದರು. ನೂರಕ್ಕೆ 64 ಓಟು ಬಯಲು ಹಾಗೇ ಇರಲಿ ಅಂತ. ನಿಜ ಹೇಳಬೇಕೆಂದರೆ ಮೆಟ್ಟಿಲ ಮೇಲೆ ಸಾಲು ನಿಂತಾಗ ನಾನೂ ಬೈದುಕೊಂಡಿದ್ದೆ. ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಮನೆ ಕಟ್ಟಬಾರದಾ ಅಂತ. ಈಗ ಮನೆ ಸಿಕ್ಕಿದೆ, ಕಟ್ಟೋಣ ಅನ್ನುವ ಮಾತು ಎದ್ದರೆ ಎದೆ ಧಸಕ್ಕೆನ್ನುತ್ತದೆ. ಬಸ್ಸು ಹತ್ತಿದವಳಿಗೆ ಕೆಳಗಿನವರ ಚಿಂತೆ ಇರುವುದಿಲ್ಲ ನೋಡಿ.

ಇವತ್ತು ಭಾನುವಾರ. ಇಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವುದೂ ತಪ್ಪು. ನಮ್ಮ ಬೀದಿಯ ಮಗ್ಗದ ಸದ್ದಿನಲ್ಲಿ ಮಲಗಿ ಬೆಳೆದವಳು ನಾನು, ಈ ಮೌನಕ್ಕೆ ನಿದ್ದೆಯೇ ಬರುವುದಿಲ್ಲ. ಸಂಜೆ ಬಯಲಿಗೆ ಹೋದೆ. ಈಗ ಒಂಬತ್ತೂವರೆವರೆಗೂ ಬೆಳಕು. ಆಕಾಶದ ತುಂಬ ಪಟ. ಆಕ್ಟೋಪಸ್ಸು, ತಿಮಿಂಗಿಲ, ಎಲ್ಲ ನೈಲಾನಿನವು. ದೊಡ್ಡಬಳ್ಳಾಪುರದಲ್ಲೂ ಈಗ ಆಷಾಢದ ಗಾಳಿ, ನೀವು ತಾರಸಿ ಮೇಲೇ ಇರುತ್ತೀರಿ ಅಂದುಕೊಂಡೆ. ಇಲ್ಲಿ ಯಾರೂ ಯಾರ ಪಟವನ್ನೂ ಕೊಯ್ಯುವುದಿಲ್ಲ. ನಿಮಗೆ ಸಪ್ಪೆ ಅನ್ನಿಸಬಹುದು.

ನಾನೂ ಒಂದು ಮಾಡಿದೆ. ಬಿದಿರು ಕಡ್ಡಿ ಗಿಡದ ಅಂಗಡಿಯದು, ಅಂಟು ಮೈದಾದ್ದೇ. ಎರಡು ಸಲ ಏರಿತು, ಎರಡು ಸಲವೂ ಗಿರಕಿ ಹೊಡೆದು ಮೂತಿ ನೆಲಕ್ಕೆ ಕುಟ್ಟಿತು. ಪಕ್ಕದಲ್ಲಿದ್ದ ಆರು ವರ್ಷದ ಹುಡುಗ ಜರ್ಮನ್‌ನಲ್ಲಿ ಏನೋ ಬುದ್ಧಿ ಹೇಳಿದ. ಇಲ್ಲಿ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಸೂತ್ರವನ್ನು ಮೇಲಕ್ಕೆ ಕಟ್ಟಬೇಕಾ, ಕೆಳಕ್ಕಾ? ಬಾಲಂಗೋಚಿ ಎಷ್ಟು ಉದ್ದ ಬೇಕು? ಚಿತ್ರ ಬರೆದು ಫೋಟೋ ಕಳಿಸಿ. ಬಾಡಿಗೆ ವಿಷಯ ಆಮೇಲೆ ಬೈಯಿರಿ.

ನಿಮ್ಮ
ಪುಟ್ಟಿ

ಅಮ್ಮಾ, ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಇಡ್ಲಿ ಹಿಟ್ಟನ್ನು ಆಫೀಸಿಗೆ ಮುಂಚೆ ರುಬ್ಬಿಟ್ಟರೆ ಸಂಜೆ ಹೊತ್ತಿಗೆ ಹುಳಿ ಬರುತ್ತದಾ, ಈ ಚಳಿ ಊರಿನಲ್ಲಿ?