ರಿನ್‌ಳ ಬಾತ ಕೆನ್ನೆ: ಮೇಘನಾಳಿಗೆ ದೊಡ್ಡಮ್ಮನ ಪತ್ರ

ಚಿ. ಮೇಘನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ನಿನ್ನ ಪತ್ರ ಸೋಮವಾರ ಕೈಸೇರಿತು. ಫೋನಿನಲ್ಲಿ ಹೇಳಲಾಗದ್ದನ್ನು ಬರೆದು ಕಳಿಸಿದ್ದೀಯ. ಆದ್ದರಿಂದ ನಾನೂ ಫೋನು ಮಾಡದೆ ಬರೆಯುತ್ತಿದ್ದೇನೆ. ನಿಮ್ಮ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯನ್ನು ಕೆಲವರು ದಿನವೂ ಗೋಳುಹೊಯ್ದುಕೊಳ್ಳುತ್ತಿದ್ದಾರೆಂದೂ, ಅವಳ ಮಾತಿನ ಧಾಟಿಯನ್ನು ಅಣಕಿಸಿದ ದಿನ ನೀನೂ ಎಲ್ಲರೊಡನೆ ನಕ್ಕುಬಿಟ್ಟೆಯೆಂದೂ, ಹಾಗೆ ನಕ್ಕವಳಿಗೆ ಈಗ ಅವಳ ಪರವಾಗಿ ನಿಲ್ಲುವ ಯೋಗ್ಯತೆ ಎಲ್ಲಿಂದ ಬರಬೇಕೆಂದೂ ಕೇಳಿದ್ದೀಯ. ಅದರ ಕೆಳಗೆ, ದಸರಾ ರಜೆಯಲ್ಲಿ ನಾವಿಬ್ಬರೂ ಕೂತು ನೋಡಿದ ‘ಇನುಯಾಶಾ’ ಎಂಬ ಜಪಾನೀ ಕಾರ್ಟೂನ್ ಸರಣಿಯ ರಿನ್‌ಳನ್ನು ನೆನೆದು, ಪೆಟ್ಟು ತಿಂದು ಬಂದವಳು ಬಾಯಿತುಂಬ ನಗುತ್ತಾಳಲ್ಲ, ಅದನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ ಎಂದು ಒಂದು ಸಾಲು ಸೇರಿಸಿದ್ದೀಯ. ಆ ಸಾಲು ಮೇಲಿನ ಮಾತಿಗೆ ಸಂಬಂಧವಿಲ್ಲದ್ದು ಎಂದು ನೀನು ತಿಳಿದಿರಬಹುದು. ನನಗೆ ಹಾಗೆ ಕಾಣಲಿಲ್ಲ.

ಪತ್ರ ಓದಿದ ರಾತ್ರಿಯೇ ಆ 35ನೆಯ ಕಂತನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದೆ. (ಕೆಳಗೆ ಓಡುವ ಅಕ್ಷರಗಳನ್ನು ನನ್ನ ಕನ್ನಡಕ ಹಿಡಿಯುವಷ್ಟರಲ್ಲಿ ಅವು ಮಾಯವಾಗುತ್ತವೆ, ನೀನು ಪಕ್ಕದಲ್ಲಿದ್ದಾಗ ಓದಿ ಹೇಳುತ್ತಿದ್ದೆ.) ಹೆತ್ತವರನ್ನೂ ಅಣ್ಣಂದಿರನ್ನೂ ದರೋಡೆಕೋರರು ಕೊಂದ ಮೇಲೆ ಮಾತು ನಿಂತುಹೋಗಿ, ಊರ ಗುಡಿಸಲೊಂದರಲ್ಲಿ ಒಬ್ಬಳೇ ಬದುಕುತ್ತಿರುವ ಪುಟ್ಟ ಹುಡುಗಿ ಅವಳು. ತಮ್ಮನಾದ ಕಥಾನಾಯಕ ಇನುಯಾಶಾನ ಕತ್ತಿಯ ಹೊಡೆತಕ್ಕೆ ಸಿಕ್ಕಿ ಕಾಡಿನಲ್ಲಿ ಬಿದ್ದಿರುವ ಸೆಷೋಮಾರು ಎಂಬ ಯೋಕೈ (ಜಪಾನೀ ಕಥೆಗಳ ಮಾಯಾವಿ ಜೀವಿ) ಕೋರೆಹಲ್ಲು ತೋರಿಸಿ ಹೆದರಿಸಿದರೂ ಅವಳು ಹೆದರಲಿಲ್ಲ. ಮನುಷ್ಯರ ಆಹಾರ ತನಗೆ ಸೇರುವುದಿಲ್ಲವೆಂದು ಅವನು ತಳ್ಳಿದರೂ ಅವಳು ಬಿಡಲಿಲ್ಲ. ಊರವರು ಕೂಡಿಹಾಕಿದ್ದ ಮೀನಿಗೆ ರಾತ್ರಿ ಕೈಹಾಕಿ ಸಿಕ್ಕಿಬಿದ್ದಳು, ಹೊಡೆತ ತಿಂದಳು. ಮರುದಿನ ಬಾತ ಮುಖ ಹೊತ್ತು ಅವನ ಬಳಿಗೆ ಬಂದಾಗ ಅವನು ಕೇಳಿದ್ದು ಇಷ್ಟೇ: ಮುಖಕ್ಕೆ ಏನಾಯಿತು? ಹೇಳಲು ಮನಸ್ಸಿಲ್ಲದಿದ್ದರೆ ಬೇಡ. ಆಗಲೇ ಅವಳು ನಕ್ಕದ್ದು.

ನಿನಗೆ ಸಿಟ್ಟು ಬರುವ ನಗು ಅದೇ. ಅದು ಪೆಟ್ಟನ್ನು ಸಹಿಸಿಕೊಂಡವಳ ನಗು, ಅಪಮಾನವನ್ನು ನುಂಗಿದವಳ ನಗು ಎಂದು ನೀನು ಓದಿಕೊಂಡಿದ್ದೀಯ. ಮರುಹೊಡೆತ ಕೊಡದೆ ಹಲ್ಲು ಕಿರಿಯುವ ಮಕ್ಕಳನ್ನು ಒಳ್ಳೆಯ ಮಕ್ಕಳೆಂದು ಮೆಚ್ಚುವ ಕಥೆಗಳು ಬೇಕಾದಷ್ಟಿರುವುದರಿಂದ ನಿನ್ನ ಸಿಟ್ಟನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಹೊಡೆದವರ ಎದುರಿನಲ್ಲಿ ರಿನ್ ನಗುವುದಿಲ್ಲ. ಅವಳು ನಗುವುದು ಒಬ್ಬನು ತನ್ನ ಮುಖವನ್ನು ನೋಡಿ, ಅಲ್ಲಿ ಏನೋ ಆಗಿದೆ ಎಂದು ಗುರುತಿಸಿ, ಅದನ್ನು ಬಾಯಿಬಿಟ್ಟು ಕೇಳಿದ ಮೇಲೆ. ಕೇಳಿದ್ದಕ್ಕೇ ಇಷ್ಟು ಸಂತೋಷವೇ ಎಂದು ಅವನಿಗೂ ಅರ್ಥವಾಗುವುದಿಲ್ಲ.

ಅವಳನ್ನು ಹೊಡೆದ ಊರವರನ್ನೂ ಗಮನಿಸು. ಕಥೆಯ ತುಂಬ ಯೋಕೈಗಳಿದ್ದರೂ ಈ ಕೆಲಸ ಮಾಡಿದವರು ಮನುಷ್ಯರು. ಕಥೆ ನಡೆಯುವುದು ಸೆಂಗೊಕು ಕಾಲದಲ್ಲಿ. 1467ರಲ್ಲಿ ಕ್ಯೋಟೊದಲ್ಲಿ ಓನಿನ್ ಯುದ್ಧ ಹೊತ್ತಿಕೊಂಡ ಮೇಲೆ ನೂರು ವರ್ಷಕ್ಕೂ ಮೀರಿ ಜಪಾನಿನಲ್ಲಿ ಕಾಳಗ ನಿಲ್ಲಲಿಲ್ಲ, ದೊರೆಗಳನ್ನು ನೆಚ್ಚಲಾಗದೆ ಅನೇಕ ಹಳ್ಳಿಗಳು ಕಾವಲನ್ನೂ ಕಟ್ಟಳೆಯನ್ನೂ ದಂಡನೆಯನ್ನೂ ತಮ್ಮ ಕೈಗೇ ತೆಗೆದುಕೊಂಡವು. ಕ್ಯೋಟೊದ ಆಸ್ಥಾನದಲ್ಲಿ ದೊಡ್ಡ ಪದವಿಯಲ್ಲಿದ್ದ ಕುಜೊ ಮಾಸಾಮೊತೊ ಎಂಬಾತ 1501ರಿಂದ 1504ರವರೆಗೆ ಇಜುಮಿ ಪ್ರಾಂತ್ಯದ ತನ್ನ ಜಹಗೀರಿನಲ್ಲಿ ನೆಲೆಸಿ ಬರೆದಿಟ್ಟ ದಿನಚರಿಯಲ್ಲಿ ಒಂದು ಸಂಗತಿಯಿದೆ: 1504ರ ಬರದಲ್ಲಿ ಜನ ವರಾಬಿ ಎಂಬ ಜರೀಗಿಡದ ಬೇರಿನಿಂದ ಹಿಟ್ಟು ತೆಗೆದು ಜೀವ ಹಿಡಿದುಕೊಂಡಿದ್ದರು, ಹೊಳೆಯ ನೀರಿನಲ್ಲಿ ನೆನೆಯಲಿಟ್ಟ ಆ ಹಿಟ್ಟನ್ನು ರಾತ್ರಿ ಕದ್ದವರನ್ನು ಊರವರೇ ಬೆನ್ನಟ್ಟಿ ಹೋಗಿ, ತಾಯಿ ಮಕ್ಕಳು ಎನ್ನದೆ ಕೊಂದುಹಾಕಿದರು. ರಿನ್‌ಳ ಊರಿನ ಮೀನಿನ ಕಥೆಯನ್ನು ‘ಇನುಯಾಶಾ’ದ ಕರ್ತೃ ರುಮಿಕೊ ತಕಾಹಾಶಿ ಇದನ್ನೇ ಓದಿ ಬರೆದರೆಂದು ನಾನು ಹೇಳುತ್ತಿಲ್ಲ. ಹಸಿದ ಊರಿನ ನ್ಯಾಯ ಮೊದಲು ಎರಗುವುದು ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವರ ಮೇಲೆ ಎಂಬುದಷ್ಟೇ ನನ್ನ ಮಾತು. ಅಪ್ಪನೋ ಅಣ್ಣನೋ ಪಕ್ಕದಲ್ಲಿದ್ದಿದ್ದರೆ ಅಷ್ಟು ಸಣ್ಣ ಹುಡುಗಿಯ ಮೇಲೆ ಅವರು ಹಾಗೆ ಕೈ ಎತ್ತುತ್ತಿರಲಿಲ್ಲ. ನಿಮ್ಮ ತರಗತಿಯ ಹುಡುಗಿಗೂ ವರ್ಷದ ನಡುವೆ ಬಂದದ್ದರಿಂದ ಜೊತೆಗಾರರಿಲ್ಲ. ಗೋಳುಹೊಯ್ದುಕೊಳ್ಳಲು ಅವಳನ್ನೇ ಆರಿಸಿಕೊಂಡವರಿಗೆ ಅದು ಚೆನ್ನಾಗಿಯೇ ಗೊತ್ತು.

ಈಗ ನಿನ್ನ ಯೋಗ್ಯತೆಯ ಪ್ರಶ್ನೆಗೆ ಬರುತ್ತೇನೆ. ರಿನ್‌ಳನ್ನು ಆ ಮಾತು ಕೇಳಿದ ಸೆಷೋಮಾರು ಯಾರೆಂದು ಯೋಚಿಸಿದೆಯಾ? ಇನುಯಾಶಾ ಚಿಕ್ಕವನಾಗಿದ್ದಾಗಿನ ದೃಶ್ಯ ನಿನಗೆ ನೆನಪಿರಬೇಕು. ಅರಮನೆಯ ಅಂಗಳದಲ್ಲಿ ಚೆಂಡಾಡುತ್ತಿದ್ದ ದೊಡ್ಡವರು ಅವನನ್ನು ಹಾನ್ಯೋ, ಅಂದರೆ ಅರೆ ಯೋಕೈ, ಎಂದು ಕರೆದು ಹೊರಟುಹೋಗುತ್ತಾರೆ. ಅವನು ಚೆಂಡು ಹಿಡಿದುಕೊಂಡು ಬಂದು ಹಾನ್ಯೋ ಎಂದರೇನೆಂದು ತಾಯಿಯನ್ನು ಕೇಳುತ್ತಾನೆ. ಆಕೆ ಉತ್ತರ ಹೇಳಲಾರದೆ ಅವನನ್ನು ತಬ್ಬಿ ಅಳುತ್ತಾಳೆ. ಬೆಳೆದ ಮೇಲೆಯೂ ಅದೇ ಮಾತಿನಿಂದ ಅವನನ್ನು ಚುಚ್ಚಿದವನು, ಮನುಷ್ಯ ತಾಯಿಯ ಮಗನೆಂದು ಹೀಗಳೆದವನು, ಅವನನ್ನು ಕೊಲ್ಲಲೂ ಬಂದವನು ಈ ಅಣ್ಣ ಸೆಷೋಮಾರುವೇ. ಹಾಗಿದ್ದರೂ ರಿನ್‌ಳ ಮುಖವನ್ನು ನೋಡಿ ಕೇಳಿದವನು ಅವನೊಬ್ಬನೇ. ಇಡೀ ಊರಿನಲ್ಲಿ ಇದ್ದಿರಬಹುದಾದ ಒಳ್ಳೆಯವರು ಯಾರೂ ಕೇಳಲಿಲ್ಲ. ಒಮ್ಮೆ ನಕ್ಕವಳು ಇನ್ನು ಕೇಳಕೂಡದು ಎಂಬ ನಿಯಮವನ್ನು ನೀನು ನಿನಗೆ ವಿಧಿಸಿಕೊಂಡಿರುವುದು ಪಶ್ಚಾತ್ತಾಪದಂತೆ ತೋರಿದರೂ, ಸ್ವಲ್ಪ ಕಟುವಾಗಿ ಹೇಳಬೇಕೆಂದರೆ, ಸುಮ್ಮನಿರಲು ಸಿಕ್ಕ ಮರ್ಯಾದಸ್ಥ ನೆಪವದು.

ಇದನ್ನು ಬರೆಯುವ ಅಧಿಕಾರ ನನಗೆ ಬಂದದ್ದು ಒಳ್ಳೆಯತನದಿಂದಲ್ಲ. ನಿನ್ನ ವಯಸ್ಸಿನಲ್ಲಿ ನನ್ನ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. ಹಾಜರಿ ಕೂಗುವಾಗ ಅವನ ಸರದಿಗಾಗಿ ಎಲ್ಲರೂ ಕಾಯುತ್ತಿದ್ದರು, ನಾನು ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳಿದರೆ ಉತ್ತರದಲ್ಲಿ ನನ್ನ ಹೆಸರೂ ಬಂದೀತೆಂಬ ಭಯ.

ಕಂಡೂ ಕಾಣದಂತಿರುವುದಕ್ಕೆ ಜಪಾನೀಯರಲ್ಲಿ ‘ಶಿಕಾತೊ’ ಎಂಬ ಪದವಿದೆ. ಹಾನಾಫುದಾ ಎಂಬ ಅವರ ಇಸ್ಪೀಟಿನಲ್ಲಿ ಹತ್ತನೆಯ ತಿಂಗಳ ಎಲೆಯ ಮೇಲೆ ಮುಖ ತಿರುಗಿಸಿ ನಿಂತ ಒಂದು ಜಿಂಕೆಯ ಚಿತ್ರವಿರುತ್ತದೆ. ಜಿಂಕೆಗೆ ಶಿಕಾ, ಹತ್ತಕ್ಕೆ ತೊ. ಜೂಜುಕೋರರ ಬಾಯಲ್ಲಿ ಹುಟ್ಟಿದ ಈ ಪದ ಈಗ ಶಾಲೆಯ ಮಕ್ಕಳು ಒಬ್ಬರನ್ನು ಎಲ್ಲರೂ ಸೇರಿ ಮಾತನಾಡಿಸದೆ ಬಿಡುವುದಕ್ಕೂ ಸಲ್ಲುತ್ತದೆ. ನಿನ್ನ ಪತ್ರ ಓದುವಾಗ ಆ ಜಿಂಕೆಯೂ ನನ್ನ ಕಣ್ಣಿಗೆ ಕಟ್ಟಿತು.

ಕೇಳುವುದೆಂದರೆ ಹೇಗೆ ಕೇಳಬೇಕು ಎಂಬುದನ್ನೂ ಆ ದೃಶ್ಯದಿಂದಲೇ ತೆಗೆದುಕೊ. ಹೇಳಲು ಮನಸ್ಸಿಲ್ಲದಿದ್ದರೆ ಬೇಡ ಎಂಬ ಎರಡನೆಯ ಮಾತು ಇಲ್ಲದಿದ್ದರೆ ಮೊದಲನೆಯದು ವಿಚಾರಣೆಯಾಗುತ್ತಿತ್ತು. ಮಾತೇ ನಿಂತುಹೋದವಳಿಂದ ಅವನು ಉತ್ತರವನ್ನು ಕಿತ್ತುಕೊಳ್ಳಲಿಲ್ಲ, ಯಾರು ಹೊಡೆದರೆಂದು ಹೆಸರು ಹೇಳಿಸಲಿಲ್ಲ. ನೀನೂ ಆ ಹುಡುಗಿಯ ಬಳಿ ನಿನ್ನ ತಪ್ಪೊಪ್ಪಿಗೆಯ ಮೂಟೆಯನ್ನು ಬಿಚ್ಚಬೇಡ; ಅಂದು ನಕ್ಕದ್ದು ತಪ್ಪಾಯಿತು ಎಂದು ಒಂದೇ ಮಾತಿನಲ್ಲಿ ಹೇಳು, ಕ್ಷಮಿಸಿದೆ ಎಂದು ಅವಳಿಂದ ಹೇಳಿಸಿಕೊಳ್ಳಲು ಕಾಯಬೇಡ. ಅವಳು ಉತ್ತರ ಕೊಡದೆ ಎದ್ದುಹೋದರೆ ಹೋಗಲಿ.

ತಡವನ್ನಂತೂ ಮಾಡಬೇಡ. ಆ ನಗುವಿನ ಸ್ವಲ್ಪ ಹೊತ್ತಿಗೇ ಕೊಗಾ ಎಂಬ ಇನ್ನೊಬ್ಬ ಯೋಕೈಯ ತೋಳಗಳು ಊರಿನ ಮೇಲೆ ಬಿದ್ದು ರಿನ್ ಸಾಯುತ್ತಾಳೆ. ಸೆಷೋಮಾರು ಅವಳ ನಗುವನ್ನು ನೆನೆದು ತೆನ್ಸೇಗಾ ಕತ್ತಿಯಿಂದ ಯಮದೂತರನ್ನು ಕಡಿದು ಬದುಕಿಸುತ್ತಾನೆ ಎಂದು ನಾವು ಚಪ್ಪಾಳೆ ತಟ್ಟಿದೆವು. ಆದರೆ 2009ರಲ್ಲಿ ಆರಂಭವಾದ ಎರಡನೆಯ ಸರಣಿಯಲ್ಲಿ ಅವಳು ಪಾತಾಳದ ದಾರಿಯಲ್ಲಿ ಮತ್ತೆ ಪ್ರಾಣ ಬಿಟ್ಟಾಗ ಅದೇ ಕತ್ತಿ ಏನೂ ಮಾಡಲಾರದೆ ಹೋಗುತ್ತದೆ. ಒಬ್ಬರನ್ನು ಅದು ಒಮ್ಮೆ ಮಾತ್ರ ಬದುಕಿಸಬಲ್ಲದು. ಅವನು ಕತ್ತಿಯನ್ನು ಎಸೆದು ನಿಂತ ಆ ನಿಮಿಷ ನೀನು ನೀರು ಕುಡಿಯಲು ಎದ್ದುಹೋಗಿದ್ದೆ. ಕೊನೆಗೆ ಅವನ ತಾಯಿಯ ಕೈಯಲ್ಲಿದ್ದ ಮಣಿಯಿಂದ ರಿನ್ ಉಳಿದಳು, ಅದು ಬೇರೆ ಮಾತು.

ಇನ್ನೊಂದು ವಿಷಯ. ಕಥೆಯ ಕೊನೆಯಲ್ಲಿ ಸೆಷೋಮಾರು ರಿನ್‌ಳನ್ನು ತನ್ನೊಡನೆ ಒಯ್ಯದೆ ಕಾಯೆದೆ ಎಂಬ ಮುದುಕಿಯ ಊರಿನಲ್ಲಿ ಬಿಟ್ಟು, ಆಗಾಗ ಉಡುಗೊರೆ ಹಿಡಿದು ಬಂದು ಹೋಗುತ್ತಾನೆ. ಮುಂದೆ ಅವಳು ಯಾರೊಡನೆ ಬದುಕಬೇಕೆಂಬುದನ್ನು ತಾನೇ ಆರಿಸಿಕೊಳ್ಳುವಂತಾಗಲಿ, ಅದಕ್ಕಾಗಿ ಮನುಷ್ಯರ ನಡುವೆ ಇದ್ದು ರೂಢಿಯಾಗಲಿ ಎಂದು. ಅವಳನ್ನು ಹೊಡೆದದ್ದು ಊರು. ಅವಳಿಗೆ ಬೇಕಾದದ್ದೂ ಊರೇ. ನೀನೊಬ್ಬಳೇ ಆ ಹುಡುಗಿಯ ರಕ್ಷಕಿಯಾಗಿ ಮೆರೆಯಬೇಡ. ನಿನ್ನ ಗೆಳತಿಯರಲ್ಲಿ ಮನಸ್ಸು ಮೆದುವಾದ ಒಬ್ಬಿಬ್ಬರನ್ನು ಅವಳ ಪಕ್ಕಕ್ಕೆ ಕರೆತಾ. ಕೈ ಮಾಡುವುದೋ ಹೆದರಿಸುವುದೋ ಕಂಡರೆ ಅದನ್ನು ನೀನು ಹೊರಬೇಡ, ಅಂದೇ ತರಗತಿಯ ಶಿಕ್ಷಕಿಗೂ ನಿನ್ನ ಅಮ್ಮನಿಗೂ ತಿಳಿಸು, ಅದು ಚಾಡಿಯಲ್ಲ.

ಬೆಲ್ಲದ ಮಿಠಾಯಿಯನ್ನು ನಿನ್ನ ಅಪ್ಪನ ಕೈಯಲ್ಲಿ ಕಳಿಸಿದ್ದೇನೆ, ಡಬ್ಬಿ ಎಂದಿನದಕ್ಕಿಂತ ದೊಡ್ಡದಿದೆ. ನಾಳೆ ಮಧ್ಯಾಹ್ನ ಆ ಹುಡುಗಿ ಎಲ್ಲಿ ಕುಳಿತು ಊಟ ಮಾಡುತ್ತಾಳೆಂದು ನೋಡಿ ನನಗೆ ಬರೆ.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ