ಮೂರನೇ ಮಂಚದವನಿಗೆ

ಹೋದ ಭಾನುವಾರ ಸಂಜೆ ಮೈಸೂರಿನ ಕಿರುರಂಗಮಂದಿರದಲ್ಲಿ ನನ್ನ ಮಸ್ಕತ್ ಕಥೆಗಳ ನಾಟಕ ಮೊದಲ ಸಲ ರಂಗಕ್ಕೆ ಬಂತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ರಾತ್ರಿ ಹತ್ತೂವರೆಗೆ ಸೆಟ್ಟು ಬಿಚ್ಚಿ ಗೂಡ್ಸ್ ಆಟೋಗೆ ಹೇರಿದ ಹುಡುಗರಿಗೆ ನಮಸ್ಕಾರ. ಆದರೆ ಈ ಬರಹ ಮುಖ್ಯವಾಗಿ ಇನ್ನೊಬ್ಬನಿಗೆ.

ಮಸ್ಕತ್ತಿನ ರೂವಿ ಬಡಾವಣೆಯಲ್ಲಿ ಒಂಬತ್ತು ವರ್ಷ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಒಂದು ಕೋಣೆ, ಮೂರು ಮಂಚ. ಮೂರನೆಯದು ಮದ್ದೂರು ಕಡೆಯ ಒಬ್ಬ ಡ್ರೈವರನದು. ಶುಕ್ರವಾರ ರಜೆ. ಊರಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸುತ್ತ ಅವನು ವಾರದ ಮಾತನ್ನೆಲ್ಲ ಅವತ್ತೇ ಆಡಿ ಮುಗಿಸುತ್ತಿದ್ದ. ನಾನು ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದೆ. ಊರಿಗೆ ಮರಳಿದ ಮೇಲೆ ಅದೇ ಮಾತುಗಳನ್ನು ಕಥೆ ಮಾಡಿದೆ. ಅವನನ್ನು ಒಂದು ಮಾತೂ ಕೇಳಲಿಲ್ಲ.

ಕ್ರಿಸ್ಟೋಫರ್ ಇಷರ್‌ವುಡ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಯಾದವಗಿರಿಯ ರಾಮಕೃಷ್ಣ ಆಶ್ರಮದಲ್ಲಿ, ಶ್ರೀರಾಮಕೃಷ್ಣರ ಜೀವನಚರಿತ್ರೆ ಬರೆದವರೆಂದು. ಯಾರೋ ಭಕ್ತರಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಅದೇ ಮನುಷ್ಯ 1929ರಿಂದ 1933ರವರೆಗೆ ಬರ್ಲಿನ್ನಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು ಬಾಡಿಗೆ ಕೋಣೆಯಲ್ಲಿದ್ದವರು, ಹಿಟ್ಲರ್ ಗದ್ದುಗೆ ಏರುವುದನ್ನು ಕಂಡವರು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಆ ರೂವಿಯ ಕೋಣೆಯಲ್ಲಿ. ಮನೆ ಓನರಮ್ಮನನ್ನೂ, ಜೊತೆಗೆ ವಾಸವಿದ್ದ ಜೀನ್ ರಾಸ್ ಎಂಬ ಹುಡುಗಿಯನ್ನೂ ಹೆಸರು ಬದಲಿಸಿ 1939ರ 'ಗುಡ್‌ಬೈ ಟು ಬರ್ಲಿನ್' ಪುಸ್ತಕಕ್ಕೆ ತಂದರು. ಅದು 1951ರಲ್ಲಿ ನಾಟಕವಾಯಿತು, 1966ರಲ್ಲಿ 'ಕ್ಯಾಬರೆ' ಎಂಬ ಸಂಗೀತ ನಾಟಕ, 1972ರಲ್ಲಿ ಸಿನಿಮಾ. ಜೀನ್ ರಾಸ್‌ಗೆ ಅವರು ಇಟ್ಟ ಹೆಸರು ಸ್ಯಾಲಿ ಬೌಲ್ಸ್. ಪುಸ್ತಕದಲ್ಲಿ ಇಂಗ್ಲೆಂಡಿನವಳಾಗಿದ್ದ ಈ ಸ್ಯಾಲಿ ಸಿನಿಮಾದಲ್ಲಿ ಅಮೆರಿಕದವಳಾದಳು. ನಿಜವಾದ ಜೀನ್ ರಾಸ್ ಮುಂದೆ ಪತ್ರಕರ್ತೆಯಾಗಿ ಸ್ಪೇನಿನ ಅಂತರ್ಯುದ್ಧದ ವರದಿ ಮಾಡಿದವರು. ಆದರೂ ಜನರಿಗೆ ಆಕೆ ಸ್ಯಾಲಿಯೇ. ಅದು ಆಕೆಗೆ ಹಿಡಿಸಿರಲಿಲ್ಲ.

ಇದನ್ನು ಓದಿದಾಗಿನಿಂದ ನನಗೊಂದು ಅಳುಕು. ನಾಟಕ ಮಾಡುತ್ತೇವೆಂದು ತಂಡದವರು ಬಂದಾಗ ಅದು ಹೆಚ್ಚಾಯಿತು. ನಿರ್ದೇಶಕಿ ಕಥೆಗಳನ್ನು ಎರಡು ಸಲ ಓದಿ, "ಸರ್, ಕಥೆ ಹೇಳೋ ನಿಮ್ಮನ್ನೇ ತೆಗೆದುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದರು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮೂರು ದಿನ ಅವರ ಫೋನೂ ಎತ್ತಲಿಲ್ಲ. ತಾಲೀಮಿಗೆ ಹೋಗಿ ನೋಡಿದರೆ ನಾನಿಲ್ಲದ ಕೋಣೆಯಲ್ಲಿ ಆ ಡ್ರೈವರ್ ನೇರ ಜನರನ್ನೇ ನೋಡಿ ಮಾತಾಡುತ್ತಿದ್ದ. ತಾಯಿ, ನಿಮಗೆ ದೊಡ್ಡ ನಮಸ್ಕಾರ. ಹಗಲೆಲ್ಲ ಬ್ಯಾಂಕಿನಲ್ಲಿ ದುಡಿದು ಸಂಜೆ ಮಂಡ್ಯದ ಮಾತು ಕಲಿತ ಆ ನಟನಿಗೂ. ಅವನು ಮಂಗಳೂರಿನವನು ಅಂದರೆ ಈಗಲೂ ಯಾರೂ ನಂಬುತ್ತಿಲ್ಲ.

ಪ್ರಯೋಗಕ್ಕೆ ಹದಿನೈದು ದಿನ ಇರುವಾಗ ಧೈರ್ಯ ಮಾಡಿ ಮದ್ದೂರಿನ ಆ ಡ್ರೈವರನಿಗೇ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಟಿಕೀಟು ಎಷ್ಟಣ್ಣ?" ಅಂದ.

ಹೆಂಡತಿ, ಮಗಳನ್ನು ಕರೆದುಕೊಂಡು ರೈಲಿನಲ್ಲಿ ಬಂದ. ಮೂರನೇ ಸಾಲಿನಲ್ಲಿ ಕೂತ. ನಾನು ರಂಗ ನೋಡಲೇ ಇಲ್ಲ, ಅವನ ತಲೆಯ ಹಿಂಭಾಗ ನೋಡುತ್ತ ಕೂತಿದ್ದೆ. ಮುಗಿದ ಮೇಲೆ ಹೊರಗೆ ಸಿಕ್ಕವನೇ, "ಅಲ್ಲ ಕಣಣ್ಣ, ಸೌಟಲ್ಲಿ ಯಾರಾದ್ರೂ ಹಿಟ್ಟು ತೊಳಸ್ತಾರಾ? ಗಂಟು ಬೀಳಕಿಲ್ವಾ?" ಅಂತ ತರಾಟೆಗೆ ತೆಗೆದುಕೊಂಡ. ಆಮೇಲೆ ಮೆಲ್ಲಗೆ, "ನಾನು ಅತ್ತಿದ್ನ ನೀನು ಯಾವಾಗ ನೋಡ್ದೆ?" ಅಂದ. ನಾನು ನೋಡಿರಲಿಲ್ಲ, ಕಥೆಯಲ್ಲಿ ಕಟ್ಟಿ ಬರೆದದ್ದು ಅಂದೆ. ಅವನು ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಹೋಗಿ ಸುಮ್ಮನಾದ.

ಮೊನ್ನೆ ಮದ್ದೂರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕೈಲಿ ಮುದ್ದೆ ತೊಳಸುವ ಒಂದು ಹಿಟ್ಟಿನ ಕೋಲು ಕಳಿಸಿದ್ದಾನೆ, ಹಳೇ ಪಂಚೆಯಲ್ಲಿ ಸುತ್ತಿ. ಮುಂದಿನ ಪ್ರಯೋಗ ಮಂಡ್ಯದಲ್ಲಿ. ಸೌಟು ಇರುವುದಿಲ್ಲ.